ನಗಿಸುವ ಮೋಸಗಾರರು



ಇಂದು ನಿಮ್ಮೊಡನೆ ಸಿನಿಮಾ ವಿಷಯ ಮಾತನಾಡಬೇಕೆಂದಿದ್ದೇನೆ. ಅದೂ ಹಿಂದಿ ಸಿನಿಮಾ. ಇಬ್ಬರು ಗೆಳೆಯರು, ಒಂದು ಪ್ರೇಮ, ನಡುವೆ ಒಂದಿಷ್ಟು ಸುಳ್ಳು, ಒಂದಿಷ್ಟು ಟೋಪಿ ಹಾಕುವ ಕೆಲಸ. ಇವೆಲ್ಲ ಸೇರಿ ಎರಡು ಮೂರು ಗಂಟೆ ನಮ್ಮನ್ನು ನಗಿಸುವ ಚಿತ್ರಗಳು ನಿಮಗೆ ಗೊತ್ತೇ ಇವೆ. ಪರೀಕ್ಷೆ ಹತ್ತಿರ ಬರುವಾಗ ಈ ಮಾತೇಕೆ ಎಂದು ನಿಮ್ಮ ಮನೆಯ ಹಿರಿಯರು ಕೇಳಬಹುದು. ಪಠ್ಯಪುಸ್ತಕವನ್ನು ನಾವು ಬುದ್ಧಿ ಎಚ್ಚರವಿಟ್ಟುಕೊಂಡು ಓದುತ್ತೇವೆ. ಸಿನಿಮಾ ನೋಡುವಾಗ ಬುದ್ಧಿಯನ್ನು ಚಪ್ಪಲಿಯ ಹಾಗೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತೇವೆ. ಆದ್ದರಿಂದಲೇ ಅಲ್ಲಿ ಕಂಡದ್ದು ಮನಸ್ಸಿಗೆ ಬೇಗ ಇಳಿಯುತ್ತದೆ. ಒಳಗೆ ಇಳಿದದ್ದು ಏನು ಎಂದು ಒಮ್ಮೆ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ.

ಈ ಮಾತಿಗೆ ರಾಮನಗರದ ಕಡೆಯ ಬಂಡೆಗಳಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಕಬ್ಬಾಳು, ಸಾತನೂರು, ಕನಕಪುರ, ಚನ್ನಪಟ್ಟಣ, ಮಾಗಡಿಗಳಿಂದ ಕಾಲೇಜಿಗೆ ಬರುವ ನಿಮಗೆ ರಾಮದೇವರ ಬೆಟ್ಟ ಹೊಸದಲ್ಲ. 1973ರ ಅಕ್ಟೋಬರಿನಲ್ಲಿ ನಿರ್ದೇಶಕ ರಮೇಶ್ ಸಿಪ್ಪಿ ತಮ್ಮ ತಂಡದೊಂದಿಗೆ ಅಲ್ಲಿಗೆ ಬಂದರು. ಬೆಟ್ಟದ ತಪ್ಪಲಿನಲ್ಲಿ ರಾಮಗಢ ಎಂಬ ಒಂದು ಊರನ್ನೇ ಕಟ್ಟಿದರು. ಅಲ್ಲಿಗೆ ಹೋಗಲು ದಾರಿ ಮಾಡಿದರು. ಎರಡು ವರ್ಷಗಳಿಗೆ ಸ್ವಲ್ಪ ಕಡಿಮೆ ಕಾಲ ಕೆಲಸ ನಡೆದು, 1975ರ ಆಗಸ್ಟ್ 15ರಂದು 'ಶೋಲೆ' ತೆರೆಗೆ ಬಂತು. ಅದರ ಮಾತುಗಳ ರೆಕಾರ್ಡುಗಳು ಬಂದವು, ಕ್ಯಾಸೆಟ್ಟುಗಳು ಬಂದವು. ಹಿಂದಿಯ ಗಂಧಗಾಳಿ ಇಲ್ಲದವರೂ ಗಬ್ಬರ್ ಸಿಂಗನ ಮಾತುಗಳನ್ನು ಒಪ್ಪಿಸತೊಡಗಿದರು. ಇಂದು ಆ ಬೆಟ್ಟ ರಣಹದ್ದುಗಳ ವನ್ಯಧಾಮ. 2012ರಲ್ಲಿ ಸರ್ಕಾರ ಹಾಗೆಂದು ಘೋಷಿಸಿತು. ಆದರೂ ಹೊರಗಿನಿಂದ ಬರುವವರು ಕೇಳುವುದು ಶೋಲೆಯ ಜಾಗ ಯಾವುದು ಎಂದೇ.

ಶೋಲೆ ಸೇಡಿನ ಕಥೆ ಎನ್ನುತ್ತೀರಿ. ನಿಜ. ಆದರೆ ಅದರೊಳಗೆ ಇನ್ನೊಂದು ಹಗುರವಾದ ಚಿತ್ರವೂ ಇದೆ. ಅದರ ನಾಯಕರಾದ ಜೈ ಮತ್ತು ವೀರು ಇಬ್ಬರೂ ಸಣ್ಣಪುಟ್ಟ ಕಳ್ಳರು. ತಮ್ಮನ್ನು ಪೊಲೀಸರಿಗೆ ಹಿಡಿದುಕೊಡುವಂತೆ ತಾವೇ ಒಬ್ಬನನ್ನು ಒಪ್ಪಿಸಿ, ಬರುವ ಬಹುಮಾನದಲ್ಲಿ ಪಾಲು ಕೇಳುವಷ್ಟು ಚಾಲಾಕಿಗಳು. ಮರದ ತುಂಡನ್ನು ಪಿಸ್ತೂಲೆಂದು ನಂಬಿಸಿ ಜೈಲರನನ್ನೇ ಬೇಸ್ತು ಬೀಳಿಸುತ್ತಾರೆ. ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಇವರು ಕಳ್ಳರು, ಇವರನ್ನು ಹಿಡಿದು ಒಳಗೆ ಹಾಕಿ ಎಂದು ಚಿತ್ರಮಂದಿರದಲ್ಲಿ ಎದ್ದು ನಿಂತು ಕೂಗಿದವರುಂಟೆ?

ನಮಗೆ ಮೋಸಗಾರನನ್ನು ಕಂಡರೆ ಇಷ್ಟು ಪ್ರೀತಿ ಏಕೆ? ಉತ್ತರದ ಒಂದು ತುದಿ ನಮ್ಮ ಭಾಷೆಯಲ್ಲೇ ಇದೆ. ಮೋಸಕ್ಕೆ ಕನ್ನಡದಲ್ಲಿ ಇರುವ ಮಾತುಗಳನ್ನು ಎಣಿಸಿ ನೋಡಿ. ಟೋಪಿ ಹಾಕಿದ. ಪಂಗನಾಮ ಎಳೆದ. ಕಿವಿಗೆ ಹೂವಿಟ್ಟ. ಮಂಕುಬೂದಿ ಎರಚಿದ. ಎಲ್ಲವೂ ನಗು ತರಿಸುವ ಮಾತುಗಳು. ಆದರೆ ಟೋಪಿ ಬಿದ್ದದ್ದು ಯಾರ ತಲೆಗೆ? ನಾಮ ಎಳೆದದ್ದು ಯಾರ ಹಣೆಗೆ? ಹೂವು ಕೂತದ್ದು ಯಾರ ಕಿವಿಯಲ್ಲಿ? ಎಲ್ಲವೂ ಮೋಸಹೋದವನ ಮೈಮೇಲೆಯೇ. ಮೋಸ ಮಾಡಿದವನು ಕೈಚಳಕದವನಾಗಿ ದೂರ ನಿಲ್ಲುತ್ತಾನೆ. ಹಣ ಕಳೆದುಕೊಂಡವನು ಜೊತೆಗೆ ನಗೆಪಾಟಲಿಗೂ ಈಡಾಗುತ್ತಾನೆ. ಗೊತ್ತಿಲ್ಲದೆಯೇ ನಮ್ಮ ಮಾತು ಮೋಸಗಾರನ ಪಕ್ಷ ಸೇರಿಬಿಟ್ಟಿದೆ.

ಒಳ್ಳೆಯ ಹಗುರ ಚಿತ್ರ ಮತ್ತು ಕೆಟ್ಟ ಹಗುರ ಚಿತ್ರಗಳ ವ್ಯತ್ಯಾಸ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಚಿತ್ರ ನಮ್ಮನ್ನು ನಗಿಸುತ್ತದೆ. ಆದರೆ ಟೋಪಿ ಬಿದ್ದವನ ತಲೆಯ ಕಡೆಗೂ ಒಂದು ಕಣ್ಣು ಇಟ್ಟಿರುತ್ತದೆ. ಈ ನಗುವಿಗೆ ಬೆಲೆ ತೆತ್ತವರು ಯಾರು? ಇದೊಂದೇ ಪ್ರಶ್ನೆ. ಇದನ್ನು ಹಿಡಿದುಕೊಂಡು ಕೆಲವು ಚಿತ್ರಗಳನ್ನು ನೋಡೋಣ ಬನ್ನಿ.

ಮೊದಲು ಶೋಲೆಯನ್ನೇ ತೆಗೆದುಕೊಳ್ಳಿ. ಜೈ ಏನೇ ತೀರ್ಮಾನ ಮಾಡಬೇಕಾದರೂ ಒಂದು ನಾಣ್ಯ ಚಿಮ್ಮುತ್ತಾನೆ. ಕೊನೆಯಲ್ಲಿ ಯಾರಾದರೂ ಒಬ್ಬರು ಉಳಿದು ಡಕಾಯಿತರನ್ನು ತಡೆಯಬೇಕಾದಾಗಲೂ ನಾಣ್ಯವೇ ತೀರ್ಪು ಕೊಡುತ್ತದೆ. ಜೈ ಉಳಿಯುತ್ತಾನೆ, ಸಾಯುತ್ತಾನೆ. ಆಮೇಲೆ ವೀರುವಿನ ಕೈಗೆ ಸಿಕ್ಕ ಆ ನಾಣ್ಯದ ಎರಡು ಮುಖಗಳೂ ಒಂದೇ! ಅಂದರೆ ಜೈ ಗೆಳೆಯನಿಗೇ ಮೋಸ ಮಾಡಿದ್ದ. ಆದರೆ ಆ ಮೋಸದ ಬೆಲೆಯನ್ನು ತನ್ನ ಪ್ರಾಣದಿಂದ ತಾನೇ ತೆತ್ತ. ಚಿತ್ರದುದ್ದಕ್ಕೂ ನಗಿಸಿದ ಚಾಲಾಕಿತನ ಕೊನೆಗೆ ಕಣ್ಣಲ್ಲಿ ನೀರು ತರಿಸುವುದು ಇದಕ್ಕೇ.

ಅದೇ ಚಿತ್ರದಲ್ಲಿ ಇನ್ನೊಂದು ಪ್ರಸಂಗವಿದೆ. ವೀರು ಕುಡಿದು ನೀರಿನ ಟ್ಯಾಂಕ್ ಹತ್ತುತ್ತಾನೆ. ಬಸಂತಿಯನ್ನು ಕೊಟ್ಟು ಮದುವೆ ಮಾಡದಿದ್ದರೆ ಹಾರಿ ಸಾಯುತ್ತೇನೆ ಎಂದು ಬೊಬ್ಬೆ ಹಾಕುತ್ತಾನೆ. ಧರ್ಮೇಂದ್ರ ಅವರ ಅಭಿನಯಕ್ಕೆ ನಾವೆಲ್ಲ ನಕ್ಕಿದ್ದೇವೆ. ಇಲ್ಲಿಯೂ ಅದೇ ಪ್ರಶ್ನೆ ಕೇಳಿ. ಕೆಳಗೆ ನಿಂತ ಬಸಂತಿಯ ಚಿಕ್ಕಮ್ಮ ಊರವರೆಲ್ಲರ ಎದುರು ಹೆದರಿ ಒಪ್ಪಿಕೊಳ್ಳಬೇಕಾಯಿತು. ಕಥೆಯಲ್ಲಿ ಬಸಂತಿಗೂ ವೀರುವಿನ ಮೇಲೆ ಮನಸ್ಸಿತ್ತು. ಹಾಗಾಗಿ ಅದು ತಮಾಷೆಯಾಗಿ ಉಳಿಯಿತು. ನಿಜ ಜೀವನದಲ್ಲಿ ಹುಡುಗಿಗೆ ಮನಸ್ಸಿಲ್ಲದಿದ್ದರೆ? ನೀನು ಒಪ್ಪದಿದ್ದರೆ ಸಾಯುತ್ತೇನೆ ಎನ್ನುವುದು ಪ್ರೀತಿಯಲ್ಲ, ಬೆದರಿಕೆ. ಹೆಣ್ಣುಮಕ್ಕಳೇ, ಅಂಥ ಮಾತಿಗೆ ಹೆದರಿ ಒಪ್ಪಬೇಕಾಗಿಲ್ಲ. ಮನೆಯವರಿಗೋ ನಂಬಿಕೆಯ ಅಧ್ಯಾಪಕರಿಗೋ ಹೇಳಿ. ಗಂಡುಮಕ್ಕಳೇ, ಟ್ಯಾಂಕಿನ ಮೇಲೆ ನಿಂತ ವೀರುವನ್ನು ನೋಡಿ ನಗಿ. ಅವನಿಂದ ಪಾಠ ಕಲಿಯಬೇಡಿ.

ಇನ್ನು ಹೃಷಿಕೇಶ್ ಮುಖರ್ಜಿಯವರ 'ಗೋಲ್ಮಾಲ್', 1979ರ ಚಿತ್ರ. ಕನ್ನಡದಲ್ಲಿ 1990ರಲ್ಲಿ 'ಆಸೆಗೊಬ್ಬ ಮೀಸೆಗೊಬ್ಬ' ಆಗಿ ಬಂದದ್ದು ಇದೇ ಕಥೆ. ರಾಮಪ್ರಸಾದ ಎಂಬ ಹುಡುಗನಿಗೆ ಕೆಲಸ ಬೇಕು. ಮಾಲೀಕರಾದ ಭವಾನಿಶಂಕರರಿಗೆ ಮೀಸೆ ಇಲ್ಲದವರನ್ನು ಕಂಡರೆ ಆಗದು. ಆಟೋಟದ ಹುಚ್ಚಿನ ಹುಡುಗರನ್ನು ಕಂಡರೂ ಆಗದು. ಹುಡುಗ ಮೀಸೆ ಉಳಿಸಿಕೊಂಡು, ಆಟದ ಗಂಧವೇ ಇಲ್ಲದವನಂತೆ ನಟಿಸಿ ಕೆಲಸ ಗಿಟ್ಟಿಸುತ್ತಾನೆ. ತಾಯಿಗೆ ಕಾಯಿಲೆ ಎಂದು ರಜೆ ಹಾಕಿ ಹಾಕಿ ಪಂದ್ಯಕ್ಕೆ ಹೋದಾಗ ಮಾಲೀಕರ ಕಣ್ಣಿಗೆ ಬೀಳುತ್ತಾನೆ. ಆಮೇಲೆ ಮೀಸೆ ಇಲ್ಲದ ಅವಳಿ ತಮ್ಮನೊಬ್ಬ ಹುಟ್ಟಿಕೊಳ್ಳುತ್ತಾನೆ. ಬದುಕಿಲ್ಲದ ತಾಯಿಗೆ ಬದಲಾಗಿ ಬಾಡಿಗೆಯ ತಾಯಿ ಬರುತ್ತಾಳೆ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದೇ ಮಾತು ಇಲ್ಲಿ ಕಥೆಯಾಗಿದೆ.

ಇಲ್ಲಿ ಬೆಲೆ ತೆತ್ತವರು ಯಾರು? ಭವಾನಿಶಂಕರರ ಜೇಬಿನಿಂದ ಒಂದು ಕಾಸೂ ಹೋಗಲಿಲ್ಲ. ರಾಮಪ್ರಸಾದ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ಹೋದದ್ದು ಮೀಸೆ ಇದ್ದವನೇ ಯೋಗ್ಯ ಎಂಬ ಅವರ ಭ್ರಮೆ. ಬೆವರು ಸುರಿಸಿದವನು ಸುಳ್ಳು ಹೇಳಿದ ಹುಡುಗನೇ. ಉತ್ಪಲ್ ದತ್ತರ ಕಣ್ಣುಗುಡ್ಡೆ ತಿರುಗಿದಾಗಲೆಲ್ಲ ಅಮೋಲ್ ಪಾಲೇಕರರ ಎದೆ ಡವಗುಟ್ಟುತ್ತದೆ. ಇನ್ನೂ ಒಂದು ಮಾತು ಗಮನಿಸಿ. ಕೆಲಸ ಕೊಡುವವರು ಯೋಗ್ಯತೆ ನೋಡದೆ ಮೀಸೆ ನೋಡಿದರೆ, ಬರುವವನು ಮೀಸೆಯನ್ನೇ ತರುತ್ತಾನೆ. ನಾಳೆ ಸಂದರ್ಶನಕ್ಕೆ ಹೋಗುವವರು ನೀವು. ನಾಡಿದ್ದು ಸಂದರ್ಶನ ಮಾಡುವವರೂ ನೀವೇ. ಎರಡು ಸಲವೂ ಈ ಚಿತ್ರ ನೆನಪಿರಲಿ.

ಗೆಳೆತನದ ಒಳಗೇ ನಡೆಯುವ ಮೋಸವನ್ನು ಸಾಯಿ ಪರಾಂಜಪೆ ಅವರಷ್ಟು ನವಿರಾಗಿ ತೋರಿಸಿದವರು ಕಡಿಮೆ. ಅವರ 'ಚಶ್ಮೆ ಬದ್ದೂರ್' 1981ರದು. ದೆಹಲಿಯ ಒಂದೇ ಕೋಣೆಯಲ್ಲಿ ಮೂವರು ಗೆಳೆಯರು. ಸಾಬೂನು ಪುಡಿ ಮಾರಲು ಮನೆಮನೆಗೆ ಹೋಗುವ ಒಬ್ಬಳು ಹುಡುಗಿ. ಅವಳನ್ನು ಒಲಿಸಿಕೊಳ್ಳಲು ಹೋಗಿ ಇಬ್ಬರು ಪೆಟ್ಟು ತಿಂದು ಬರುತ್ತಾರೆ. ಆದರೆ ಕೋಣೆಗೆ ಬಂದು, ತಾವು ಅವಳೊಡನೆ ಹಾಡಿ ಕುಣಿದು ಬಂದೆವೆಂದು ಬುರುಡೆ ಬಿಡುತ್ತಾರೆ. ಓದಿನಲ್ಲಿ ಮುಳುಗಿದ ಮೂರನೆಯವನಿಗೆ ಅವಳ ಪ್ರೀತಿ ನಿಜವಾಗಿಯೂ ಸಿಕ್ಕಾಗ, ಆ ಬುರುಡೆಯೇ ಅವನ ಎದೆಗೆ ಚೂರಿಯಾಗುತ್ತದೆ. ಸಾಲದ್ದಕ್ಕೆ ಆ ಹುಡುಗಿಯ ಹೆಸರೂ ಕೆಡುತ್ತದೆ. ಅವಳು ಮಾಡಿದ ತಪ್ಪು ಏನು? ಏನೂ ಇಲ್ಲ. ಹಾಸ್ಟೆಲ್ ಕೋಣೆಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹುಡುಗಿಯೊಬ್ಬಳ ಬಗ್ಗೆ ಬಿಡುವ ಬಡಾಯಿ ಎಷ್ಟು ದೂರ ಹೋಗಿ ಯಾರಿಗೆ ತಾಗುತ್ತದೆ ಎಂಬುದನ್ನು ಈ ನಗೆಚಿತ್ರ ನಗುನಗುತ್ತಲೇ ಹೇಳಿದೆ. ಅಂದು ಬಡಾಯಿ ನಾಲ್ಕು ಗೋಡೆಗಳ ಒಳಗೆ ಸುತ್ತುತ್ತಿತ್ತು. ಇಂದು ಮೊಬೈಲಿನಲ್ಲಿ ಒಂದು ಗಳಿಗೆಗೆ ಊರೆಲ್ಲ ಸುತ್ತುತ್ತದೆ.

ಅವರದೇ 'ಕಥಾ' 1983ರಲ್ಲಿ ಬಂತು. ಆಮೆ ಮತ್ತು ಮೊಲದ ಕಥೆಯನ್ನು ಮುಂಬಯಿಯ ಒಂದು ವಠಾರಕ್ಕೆ ತಂದದ್ದು. ಫಾರೂಕ್ ಶೇಖ್ ಅವರ ಬಾಶು ಸಿಹಿಮಾತಿನವನು. ಗೆಳೆಯನ ಕೋಣೆ, ಗೆಳೆಯನ ಬಟ್ಟೆ, ಕೊನೆಗೆ ಗೆಳೆಯ ಮೆಚ್ಚಿದ ಹುಡುಗಿ, ಎಲ್ಲವೂ ತನ್ನದೇ ಎಂಬಂತೆ ನಡೆದುಕೊಳ್ಳುತ್ತಾನೆ. ಮದುವೆಯ ಮಾತು ಗಟ್ಟಿಯಾಗುವ ಹೊತ್ತಿಗೆ ಹುಡುಗಿಗೆ ಕೈಕೊಟ್ಟು ಮಾಯವಾಗುತ್ತಾನೆ. ನಿಧಾನಿಯಾದ ರಾಜಾರಾಮ ಅವಳ ಕೈಹಿಡಿಯುತ್ತಾನೆ. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು, ಬಾಶುವಿಗೆ ಶಿಕ್ಷೆ ಕೊಡಿಸದಿರುವುದು. ಅವನು ಮತ್ತೊಂದು ಕಡೆ ಮತ್ತೊಬ್ಬರ ಬಳಿ ಹೋಗುತ್ತಾನೆ, ಅಷ್ಟೆ. ಸಿಹಿಮಾತಿನವರು ಲೋಕದಲ್ಲಿ ಹೀಗೇ ಓಡಾಡಿಕೊಂಡಿರುತ್ತಾರೆ. ಅವರನ್ನು ಗುರುತಿಸುವ ಕೆಲಸವನ್ನು ಚಿತ್ರ ನಮಗೇ ಬಿಟ್ಟಿದೆ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ನೀವು ಕೇಳಬಹುದು. ಆ ಗಾದೆಯನ್ನೇ ಮುಂದಿಟ್ಟುಕೊಂಡಂತೆ ಮಾಡಿದ ಚಿತ್ರವೊಂದಿದೆ. ಅದು 1994ರಲ್ಲಿ ಬಂದ 'ಅಂದಾಜ್ ಅಪ್ನಾ ಅಪ್ನಾ'. ದುಡಿಯದೆ ಶ್ರೀಮಂತರಾಗಬೇಕೆಂದು ಹೊರಟ ಇಬ್ಬರು ಸೋಮಾರಿಗಳು. ಒಬ್ಬನ ತಂದೆ ಕ್ಷೌರಿಕ, ಇನ್ನೊಬ್ಬನ ತಂದೆ ದರ್ಜಿ. ಶ್ರೀಮಂತರ ಮಗಳೊಬ್ಬಳನ್ನು ಮದುವೆಯಾಗಲು ಇಬ್ಬರೂ ಪೈಪೋಟಿಯ ಮೇಲೆ ಸುಳ್ಳು ಹೇಳುತ್ತಾರೆ. ಆದರೆ ಆ ಹುಡುಗಿಯೂ ಅವಳ ಕಾರ್ಯದರ್ಶಿಯೂ ತಮ್ಮ ಹೆಸರುಗಳನ್ನೇ ಅದಲುಬದಲು ಮಾಡಿಕೊಂಡು ಬಂದಿರುತ್ತಾರೆ! ಎಲ್ಲರೂ ಎಲ್ಲರಿಗೂ ಟೋಪಿ ಹಾಕುವವರೇ. ಬಂದಾಗ ಅಷ್ಟೇನೂ ಓಡದ ಈ ಚಿತ್ರವನ್ನು ಆಮೇಲಿನ ತಲೆಮಾರುಗಳು ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿ ತಮ್ಮದಾಗಿಸಿಕೊಂಡವು. ಇದನ್ನು ನೋಡುವಾಗ ಹುಬ್ಬು ಗಂಟಿಕ್ಕಬೇಕಾಗಿಲ್ಲ. ಅಮಾಯಕರು ಯಾರೂ ಇಲ್ಲದ ಆಟ ಇದು. ಎಲ್ಲರೂ ಟೋಪಿ ಹೊತ್ತುಕೊಂಡೇ ಕುಣಿಯುವಾಗ ನಗುವುದೇ ಸರಿ. ಆ ಇಬ್ಬರ ತಂದೆಯರನ್ನು ನೆನೆದಾಗ ಮಾತ್ರ ನಗು ಸ್ವಲ್ಪ ತಡೆಯುತ್ತದೆ.

ನಮ್ಮ ಕನ್ನಡದಲ್ಲೂ ಇಂಥ ಚಿತ್ರಗಳಿಗೆ ಕೊರತೆಯಿಲ್ಲ. ಫಣಿ ರಾಮಚಂದ್ರ ಅವರ 'ಗೌರಿ ಗಣೇಶ' 1991ರದು. ಅನಂತನಾಗ್ ಅವರ ಲಂಬೋದರ, ತೀರಿಹೋದ ಯುವತಿಯೊಬ್ಬಳ ಡೈರಿ ಹಿಡಿದುಕೊಂಡು, ಮೂವರು ಮರ್ಯಾದಸ್ಥರನ್ನು ಹೆದರಿಸಿ ಹಣ ಕೀಳುತ್ತಾನೆ. ಆ ಮೂವರ ಪರದಾಟ ನೋಡಿ ನಾವು ಬಿದ್ದು ಬಿದ್ದು ನಗುತ್ತೇವೆ. ಆದರೆ ಬೆಲೆ ತೆತ್ತವರಲ್ಲಿ ನಾಲ್ಕನೆಯವಳೊಬ್ಬಳಿದ್ದಾಳೆ. ಆ ಸತ್ತ ಹುಡುಗಿ. ತನ್ನ ಮಾನದ ಪರವಾಗಿ ಮಾತನಾಡಲು ಅವಳಿಗೆ ಬಾಯಿ ಇಲ್ಲ. ಮುಂದಿನ ಸಲ ನೋಡುವಾಗ ಅವಳನ್ನೂ ಗಮನಿಸಿ.

ಈಗ ಹಣದ ಮೋಸಕ್ಕೆ ಬರೋಣ. 1955ರಲ್ಲಿ ರಾಜ್ ಕಪೂರ್ 'ಶ್ರೀ 420' ತೆಗೆದರು. ಭಾರತೀಯ ದಂಡ ಸಂಹಿತೆಯಲ್ಲಿ ವಂಚನೆಯ ಕಲಮಿನ ಸಂಖ್ಯೆ 420. ಆ ಸಂಖ್ಯೆಯೇ ನಮ್ಮ ಹಳ್ಳಿಗಳಲ್ಲೂ ಬೈಗುಳವಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ವಂಚನೆಯ ಕಲಮು 318 ಆಗಿದೆ. ಆದರೂ 'ಫೋರ್ ಟ್ವೆಂಟಿ' ಎಂಬ ಮಾತು ಅಷ್ಟು ಸುಲಭವಾಗಿ ಹೋಗಲಾರದು. ಆ ಚಿತ್ರದಲ್ಲಿ ಊರಿನಿಂದ ಬಂದ ಹುಡುಗ ಇಸ್ಪೀಟಿನ ಕೈಚಳಕದಿಂದ ಮೇಲೇರುತ್ತಾನೆ. ಕೊನೆಗೆ ನೂರು ರೂಪಾಯಿಗೆ ಒಂದು ಮನೆ ಎಂದು ಬಡವರಿಂದ ಹಣ ಎತ್ತುವ ಸೇಠನ ಯೋಜನೆಯಲ್ಲಿ ಪಾಲುದಾರನಾಗುತ್ತಾನೆ. ಇಸ್ಪೀಟಿನ ಮೋಸಕ್ಕೆ ನಕ್ಕ ನಾವು ಆ ನೂರು ರೂಪಾಯಿಗೆ ನಗುವುದಿಲ್ಲ. ಕಾಲುದಾರಿಯ ಮೇಲೆ ಮಲಗುವವರು ಕೂಡಿಟ್ಟ ನೂರು ರೂಪಾಯಿ ಅದು. ನಾಯಕನಿಗೂ ಅಲ್ಲಿಯೇ ಕಣ್ಣು ತೆರೆಯುತ್ತದೆ.

ಐವತ್ತು ವರ್ಷಗಳ ನಂತರ, 2006ರಲ್ಲಿ, ದಿಬಾಕರ್ ಬ್ಯಾನರ್ಜಿಯವರ 'ಖೋಸ್ಲಾ ಕಾ ಘೋಸ್ಲಾ' ಬಂತು. ನಿವೃತ್ತಿಗೆ ಬಂದ ತಂದೆಯೊಬ್ಬರು ಜೀವಮಾನದ ಉಳಿತಾಯ ಸುರಿದು ಸೈಟು ಕೊಳ್ಳುತ್ತಾರೆ. ಒಂದು ದಿನ ಹೋಗಿ ನೋಡಿದರೆ ಬೇರೆ ಯಾರೋ ಕಾಂಪೌಂಡು ಹಾಕಿದ್ದಾರೆ. ತಮ್ಮದೇ ಜಾಗ ಬಿಡಿಸಿಕೊಳ್ಳಲು ಲಕ್ಷಾಂತರ ರೂಪಾಯಿ ಕೊಡಬೇಕಂತೆ! ಪೊಲೀಸರೂ ನೆರವಾಗದಾಗ, ಮಕ್ಕಳು ಒಂದು ನಾಟಕ ತಂಡವನ್ನು ಕಟ್ಟಿಕೊಂಡು ಆ ಭೂಗಳ್ಳನಿಗೇ ಸರ್ಕಾರಿ ಜಮೀನು ಮಾರಲು ಹೊರಡುತ್ತಾರೆ. ಅಷ್ಟು ನಗುವಿನ ನಡುವೆಯೂ, ಕೆಲಸಕ್ಕೆ ಹೋಗಿಬಂದು ಮೌನವಾಗಿ ಕೂತ ಆ ತಂದೆಯ ಮುಖವನ್ನು ಅನುಪಮ್ ಖೇರ್ ಮರೆಯಲು ಬಿಡುವುದಿಲ್ಲ.

ಈ ಕಥೆ ದೆಹಲಿಯದು. ಆದರೆ ಬೆಂಗಳೂರಿನ ಸೆರಗಿನಲ್ಲಿರುವ ನಮ್ಮ ಕಡೆಯವರಿಗೆ ಇದು ಮನೆಯ ಕಥೆಯಂತೆ ಕಾಣುತ್ತದೆ. ಹಿಪ್ಪುನೇರಳೆ ಬೆಳೆದು, ರೇಷ್ಮೆಹುಳು ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹೊತ್ತು ತಂದು ಬದುಕಿದ ಮನೆಗಳು ಇವು. ನಿದ್ದೆಗೆಟ್ಟು ನಾಲ್ಕು ಜ್ವರ ದಾಟಿಸಿ, ಹುಳುವನ್ನು ಹಣ್ಣಾಗಿಸಿ, ಗೂಡು ಕಟ್ಟಿಸಿದವರಿಗೆ ಒಂದೊಂದು ರೂಪಾಯಿಯ ತೂಕ ಗೊತ್ತು. ಭೂಮಿಯ ಬೆಲೆ ಏರಿದಲ್ಲೆಲ್ಲ ಕಾಗದಪತ್ರ ಓದಲು ಬಾರದ ಹಿರಿಯರ ಸುತ್ತ ಸಿಹಿಮಾತಿನವರು ಓಡಾಡುತ್ತಾರೆ. ನಿಮ್ಮ ಮನೆಯಲ್ಲಿ ಅಕ್ಷರ ಕಲಿತವರು ನೀವು. ಪಹಣಿ, ಕ್ರಯಪತ್ರ, ಋಣಭಾರ ಪತ್ರ ಎಂದರೇನೆಂದು ತಿಳಿದುಕೊಳ್ಳಿ. ಅಜ್ಜ ಹೆಬ್ಬೆಟ್ಟು ಒತ್ತುವ ಮೊದಲು ಕಾಗದವನ್ನು ನೀವು ಗಟ್ಟಿಯಾಗಿ ಓದಿ ಹೇಳಿ.

ವಿದ್ಯಾರ್ಥಿಗಳಿಗೇ ಹತ್ತಿರವಾದ ಇನ್ನೊಂದು ಚಿತ್ರ 2003ರ 'ಮುನ್ನಾಭಾಯಿ ಎಂ.ಬಿ.ಬಿ.ಎಸ್.' ಕನ್ನಡಕ್ಕೂ ಅದು 2006ರಲ್ಲಿ 'ಉಪ್ಪಿದಾದಾ ಎಂ.ಬಿ.ಬಿ.ಎಸ್.' ಆಗಿ ಬಂತು. ರೌಡಿಯೊಬ್ಬ ತನ್ನ ಪ್ರವೇಶ ಪರೀಕ್ಷೆಯನ್ನು ಬೇರೆಯವರಿಂದ ಬರೆಸಿ ವೈದ್ಯಕೀಯ ಕಾಲೇಜು ಸೇರುತ್ತಾನೆ. ರೋಗಿಯನ್ನು ಮನುಷ್ಯನೆಂದು ಕಾಣಬೇಕೆಂಬ ಪಾಠವನ್ನು ಪ್ರೊಫೆಸರರಿಗೇ ಕಲಿಸುತ್ತಾನೆ. ಚಿತ್ರದ ಹೃದಯ ದೊಡ್ಡದು. ಆದರೂ ನಮ್ಮ ಪ್ರಶ್ನೆ ಕೇಳೋಣ. ಅವನು ಕೂತ ಸೀಟು ಯಾರದು? ರಾತ್ರಿಯೆಲ್ಲ ಓದಿ, ಒಂದು ಸ್ಥಾನ ಕೆಳಗೆ ಇಳಿದು, ಹೊರಗೆ ಉಳಿದ ಹುಡುಗನೋ ಹುಡುಗಿಯೋ ಒಬ್ಬರು ಇರಲೇಬೇಕು. ಆ ಮುಖವನ್ನು ಚಿತ್ರ ತೋರಿಸಲಿಲ್ಲ. 2016ರಲ್ಲಿ ನಮ್ಮ ರಾಜ್ಯದ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಮ್ಮೆಯಲ್ಲ, ಎರಡು ಸಲ ಬಯಲಾಯಿತು. ಮಾರ್ಚ್ 21ರ ಪರೀಕ್ಷೆ ರದ್ದಾಗಿ, 31ರದೂ ನಿಂತು, ಏಪ್ರಿಲ್ 12ರಂದು ಮುಗಿಯಿತು. ಕೆಲವರ ಚಾಲಾಕಿತನಕ್ಕೆ ಇಡೀ ರಾಜ್ಯದ ವಿಜ್ಞಾನ ವಿದ್ಯಾರ್ಥಿಗಳು ಬೆಲೆ ತೆತ್ತರು. ಅವರಲ್ಲಿ ಯಾರಿಗೂ ನಗು ಬಂದಿರಲಿಕ್ಕಿಲ್ಲ.

ಇದೆಲ್ಲ ಇಂದಿನ ಮಾತಲ್ಲ. ದುರ್ಗಸಿಂಹನ ಪಂಚತಂತ್ರದ 'ವೃಕ್ಷಸಾಕ್ಷಿ' ಕಥೆಯನ್ನು ನಿಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿರುತ್ತೀರಿ. ದುಷ್ಟಬುದ್ಧಿ ಗೆಳೆಯನ ಪಾಲಿನ ಹಣ ನುಂಗಿ, ಮರವೇ ಸಾಕ್ಷಿ ಎಂದು, ತನ್ನ ತಂದೆಯನ್ನೇ ಮರದ ಪೊಟರೆಯಲ್ಲಿ ಅಡಗಿಸಿಟ್ಟ. ಧರ್ಮಬುದ್ಧಿ ಹೊಗೆ ಹಾಕಿದಾಗ ಸತ್ತವನು ಆ ಮುದುಕ. ನಿಮ್ಮ ಕಬ್ಬಾಳುದುರ್ಗವೂ ಇಂಥದೇ ಒಂದು ಸಾಕ್ಷಿ. ಕಬ್ಬಾಳಮ್ಮನಿಗೆ ಹರಕೆ ಸಲ್ಲಿಸಿ ತಲೆಯೆತ್ತಿದರೆ ಕಾಣುವ ಆ ಬೆಟ್ಟ ಒಂದು ಕಾಲದಲ್ಲಿ ಸೆರೆಮನೆ. 1734ರಲ್ಲಿ ಮೈಸೂರಿನ ಅರಸ ಚಾಮರಾಜ ಒಡೆಯರನ್ನು ಅವರ ದಳವಾಯಿಗಳೇ ಪಟ್ಟದಿಂದ ಇಳಿಸಿ ಅಲ್ಲಿಗೆ ಕಳುಹಿಸಿದರು. ಅರಸರು ಅಲ್ಲಿಯೇ ತೀರಿಕೊಂಡರು. ನಂಬಿದವರಿಂದ ಆದ ದ್ರೋಹವನ್ನು ಆ ಬಂಡೆಯ ಮೇಲೆ ಕೂತವರು ತಮಾಷೆ ಎನ್ನಲಾರರು.

ಹಾಗಾದರೆ ನಗಬಾರದೆ? ನಗಬೇಕು, ಧಾರಾಳವಾಗಿ ನಗಿ. ಗೆಳೆಯರೊಡನೆ ಕೂತು ನಗದ ಪ್ರಾಯ ಎಂಥ ಪ್ರಾಯ? ಒಂದು ಸಣ್ಣ ಕೆಲಸ ಮಾತ್ರ ಮಾಡಿ. ಮುಂದೆ ಇಂಥ ಚಿತ್ರ ನೋಡಿದಾಗ ನಿಮ್ಮ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಸುಳ್ಳು ಹೇಳಿದವರು ಯಾರು, ಲಾಭ ಪಡೆದವರು ಯಾರು, ಬೆಲೆ ತೆತ್ತವರು ಯಾರು. ಗೆಳೆಯರೊಡನೆ ಚರ್ಚೆ ಮಾಡಿ. ಒಬ್ಬೊಬ್ಬರ ಉತ್ತರ ಒಂದೊಂದು ರೀತಿ ಇರುತ್ತದೆ, ಇರಲಿ.

ಕೊನೆಯದಾಗಿ ಒಂದು ಮಾತು. ಇಂದು ಟೋಪಿ ಹಾಕುವವರು ಫೋನಿನಲ್ಲಿ ಬರುತ್ತಾರೆ. ಪೊಲೀಸರ ವೇಷ ತೊಟ್ಟು, 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ ಎಂದು ಹೆದರಿಸುತ್ತಾರೆ. ಹಾಗೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಇಂಥ ಮೋಸಕ್ಕೆ ಸಿಕ್ಕವರು ಮೊದಲು ಯೋಚಿಸುವುದು, ಹೇಳಿದರೆ ಜನ ನಗುತ್ತಾರಲ್ಲ ಎಂದು. ಆ ನಾಚಿಕೆಯಿಂದ ಸುಮ್ಮನಿದ್ದಷ್ಟು ಹೊತ್ತು ಹಣ ಕೈಯಿಂದ ಕೈಗೆ ದಾಟಿ ದೂರ ಹೋಗುತ್ತಿರುತ್ತದೆ. ಕೂಡಲೇ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ನಿಮ್ಮ ಮನೆಯ ಹಿರಿಯರೋ ಗೆಳೆಯರೋ ಹೀಗೆ ಮೋಸಹೋಗಿ ಬಂದು ತಲೆತಗ್ಗಿಸಿ ನಿಂತಾಗ ನಗಬೇಡಿ. ಪಕ್ಕದಲ್ಲಿ ಕೂತು, ಏನಾಯಿತೆಂದು ಕೇಳಿ, ಆ ಸಂಖ್ಯೆಯನ್ನು ನೀವೇ ಒತ್ತಿಕೊಡಿ.